ಕರೆಂಟಾ, ಗ್ಯಾಸಾ? ಮಲೆನಾಡಿನಲ್ಲಿ ವ್ಯಾನ್ ನಿಲ್ಲಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಂಗಳದಾಚೆ ಅಡಿಕೆ ಒಣಗಿಸುವ ಕಣವಿದೆ. ಸುಗ್ಗಿ ಇಲ್ಲದ ತಿಂಗಳಲ್ಲಿ ಕ್ಯಾರವಾನ್‌ನವರು, ಟೆಂಪೋ ಟ್ರಾವೆಲರ್ ಒಳಗೆ ಮಂಚ ಅಡುಗೆಮನೆ ಮಾಡಿಸಿಕೊಂಡವರು ಅಲ್ಲಿ ರಾತ್ರಿ ನಿಲ್ಲಿಸುತ್ತಾರೆ. ನನ್ನ ಹತ್ತಿರವೂ ಅಂಥದ್ದೊಂದು ವ್ಯಾನ್ ಇದೆ. ಹಾಗಾಗಿ ಕರೆಂಟ್ ಕೊಡುವ ಕಷ್ಟವೂ ಗೊತ್ತು, ಪಡೆಯುವ ಕಷ್ಟವೂ ಗೊತ್ತು.

ಬರುವವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಬಂದ ಕೂಡಲೇ ವೈರ್ ಎಳೆದು ಪ್ಲಗ್ ಹಾಕುತ್ತಾರೆ. ಇಂಡಕ್ಷನ್ ಮೇಲೆ ಅನ್ನಕ್ಕಿಟ್ಟು, ಬಕೆಟ್ಟಿಗೆ ಹೀಟರ್ ರಾಡ್ ಇಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮನೆಯ ಫ್ಯೂಸ್ ಹಾರುತ್ತದೆ. ಆಮೇಲೆ ಕರೆಂಟಿನ ಸಹವಾಸವೇ ಬೇಡ ಅಂತ ಎಲ್ಲದಕ್ಕೂ ಗ್ಯಾಸ್ ಹಚ್ಚುತ್ತಾರೆ. ಹೊರಗೆ ಮಳೆ, ಹಾಗಾಗಿ ಕಿಟಕಿ ಬಾಗಿಲು ಎಲ್ಲ ಮುಚ್ಚಿರುತ್ತದೆ. ಫ್ಯೂಸ್ ಹೋದರೆ ಕಟ್ಟಬಹುದು. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿಕೊಂಡು ಮಲಗಿದವರನ್ನು ಎಬ್ಬಿಸಲಾಗದಿದ್ದರೆ ಏನು ಮಾಡುವುದು?

ಕರೆಂಟೋ ಗ್ಯಾಸೋ ಅಂತ ಮೊದಲೇ ಮನಸ್ಸು ಮಾಡಿಕೊಂಡು ಬರಬೇಡಿ. ಅದನ್ನು ತೀರ್ಮಾನ ಮಾಡಬೇಕಾದ್ದು ನಿಮ್ಮ ಅಭ್ಯಾಸ ಅಲ್ಲ, ನೀವು ನಿಲ್ಲಿಸಿದ ಜಾಗದ ಪ್ಲಗ್ ಪಾಯಿಂಟ್. ಅದನ್ನು ನೋಡುವ ಕ್ರಮ ಕೆಳಗಿದೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಹೊರಡುವ ಮುಂಚೆ ಇಟ್ಟುಕೊಳ್ಳಬೇಕಾದ ಸಾಮಾನು

ಕರೆಂಟಿಗೆ ಬೇಕಾದ್ದು ಇಷ್ಟು:

- 2.5 ಚದರ ಮಿ.ಮೀ. ದಪ್ಪದ, ಮೂರು ಎಳೆಯ, ಮೇಲೆ ಗಟ್ಟಿ ರಬ್ಬರ್ ಇರುವ ತಾಮ್ರದ ಕೇಬಲ್, 20ರಿಂದ 25 ಮೀಟರ್
- 16 ಆಂಪಿಯರ್‌ನ ಒಳ್ಳೆಯ ಪ್ಲಗ್, ಮಳೆಗೆ ತಡೆಯುವ ಮುಚ್ಚಳವಿರುವ ಸಾಕೆಟ್
- ಮೂರು ದೀಪದ ಸಾಕೆಟ್ ಟೆಸ್ಟರ್ ಮತ್ತು ಮಲ್ಟಿಮೀಟರ್
- ವ್ಯಾನಿನೊಳಗೆ ಕರೆಂಟ್ ಬರುವ ಜಾಗದಲ್ಲೇ 30 ಮಿಲಿ ಆಂಪಿಯರ್‌ನ ಆರ್‌ಸಿಬಿಒ, ಎರಡು ಪೋಲಿನದು

ಗ್ಯಾಸಿಗೆ ಐಎಸ್‌ಐ ಗುರುತಿನ ರೆಗ್ಯುಲೇಟರ್, ಕಿತ್ತಳೆ ಬಣ್ಣದ ಸುರಕ್ಷಾ ಪೈಪ್, ಕ್ಲಿಪ್ಪು, ಸೋಪು ನೀರಿನ ಬಾಟ್ಲಿ, ಗ್ಯಾಸ್ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರ್. ಇವೆಲ್ಲ ಶಿವಮೊಗ್ಗ ಪೇಟೆಯಲ್ಲೇ ಮುಗಿಸಿಕೊಳ್ಳಿ. ಆಗುಂಬೆ ದಾಟಿದ ಮೇಲೆ ಆರ್‌ಸಿಬಿಒ ಕೇಳಿದರೆ ಯಾರು ಕೊಡುತ್ತಾರೆ!

ಆರ್‌ಸಿಬಿಒ ಅಂದರೆ ಭಾರ ಹೆಚ್ಚಾದರೆ ಕಡಿಯುವ ಎಂಸಿಬಿ ಮತ್ತು ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್ ಎರಡೂ ಸೇರಿದ್ದು. ಎರಡು ಪೋಲಿನದೇ ಯಾಕೆ ಅಂದರೆ, ನಮ್ಮ ಹಳ್ಳಿ ಮನೆಗಳ ಸಾಕೆಟ್‌ನಲ್ಲಿ ಫೇಸ್ (ಕರೆಂಟ್ ಬರುವ ತಂತಿ) ಒಂದು ಕಡೆ ಇರಬೇಕಾದ್ದು ಇನ್ನೊಂದು ಕಡೆ ಇರುವುದು ಸಾಮಾನ್ಯ. ಒಂದೇ ತಂತಿ ಕಡಿಯುವ ಸ್ವಿಚ್ ಆದರೆ, ಆಫ್ ಮಾಡಿದ ಮೇಲೂ ವ್ಯಾನಿನೊಳಗೆ ಫೇಸ್ ಹಾಗೇ ಉಳಿದಿರುತ್ತದೆ.

ಹಂತ 1: ಮನೆಯಲ್ಲೇ ಕೂತು ವ್ಯಾಟ್ ಲೆಕ್ಕ ಹಾಕಿ

ವ್ಯಾನಿನಲ್ಲಿರುವ ಪ್ರತಿ ಸಾಮಾನಿನ ಹಿಂದಿನ ಚೀಟಿ ನೋಡಿ ವ್ಯಾಟ್ ಬರೆದಿಡಿ. ಇಂಡಕ್ಷನ್ ಒಲೆ 1800ರಿಂದ 2000. ಕೆಟಲ್ 1500. ಹೀಟರ್ ರಾಡ್ 1000 ಅಥವಾ 1500. ಸಣ್ಣ ಎಸಿ ಇದ್ದರೆ ಸುಮಾರು 1000. ಬ್ಯಾಟರಿ ಚಾರ್ಜರ್ 20 ಆಂಪಿಯರ್‌ನದಾದರೆ 300ರ ಆಸುಪಾಸು. ಫ್ರಿಜ್ಜು 12 ವೋಲ್ಟಿನದಾದರೆ 50-60 ಅಷ್ಟೆ. ಫ್ಯಾನು, ದೀಪ, ಮೊಬೈಲ್ ಎಲ್ಲ ಸೇರಿದರೂ 100 ದಾಟುವುದಿಲ್ಲ.

ಈಗ ಸಾಕೆಟ್ ಕಡೆ ಬನ್ನಿ. 230 ವೋಲ್ಟ್‌ನಲ್ಲಿ 6 ಆಂಪಿಯರ್ ಸಾಕೆಟ್ ಅಂದರೆ 1380 ವ್ಯಾಟ್, 16 ಆಂಪಿಯರ್ ಅಂದರೆ 3680. ಇದು ಕಾಗದದ ಲೆಕ್ಕ. ಹಳೆಯ ಮನೆಯ ಗೋಡೆಯೊಳಗಿನ ತಂತಿ ಎಷ್ಟು ದಪ್ಪ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾನು 16ರ ಸಾಕೆಟ್‌ನಲ್ಲಿ 2000 ವ್ಯಾಟ್‌ಗಿಂತ ಜಾಸ್ತಿ, 6ರ ಸಾಕೆಟ್‌ನಲ್ಲಿ 800ಕ್ಕಿಂತ ಜಾಸ್ತಿ ಹೊತ್ತು ಎಳೆಯುವುದಿಲ್ಲ. ಇಂಡಕ್ಷನ್ ಮತ್ತು ಕೆಟಲ್ ಒಟ್ಟಿಗೆ ಹಾಕಿದರೆ 3500 ಆಯಿತು. ಫ್ಯೂಸ್ ಯಾಕೆ ಹಾರುತ್ತದೆ ಅನ್ನುವುದು ಇಲ್ಲೇ ಗೊತ್ತಾಯಿತು, ಅಲ್ವಾ?

ಇಂಟರ್ನೆಟ್‌ನಲ್ಲಿ ಬ್ರಿಟನ್ ಕಡೆಯ ವಿಡಿಯೋ ನೋಡಿ ಬರುವವರಿಗೆ ಒಂದು ಮಾತು. ಅಲ್ಲಿನ ಕ್ಯಾಂಪ್ ಸೈಟ್‌ಗಳಲ್ಲಿ ಪ್ರತಿ ಗಾಡಿಗೂ ಒಂದು ಕಂಬ, ಅದರಲ್ಲಿ ನೀಲಿ ಬಣ್ಣದ ದುಂಡನೆಯ 16 ಆಂಪಿಯರ್ ಸಾಕೆಟ್, ಕಂಬದಲ್ಲೇ ರಕ್ಷಣೆಯ ಸ್ವಿಚ್ ಇರುತ್ತದೆ. ಅಂಥ ಕಡೆಯಲ್ಲೂ ಎಷ್ಟೋ ಸೈಟ್‌ಗಳಲ್ಲಿ 6 ಅಥವಾ 10 ಆಂಪಿಯರ್ ಮಾತ್ರ ಕೊಡುತ್ತಾರೆ. ನಮ್ಮಲ್ಲಿ ನಿಮಗೆ ಸಿಗುವುದು ಜಗಲಿಯ ಮೇಲಿನ ಸ್ವಿಚ್ ಬೋರ್ಡು, ಇಲ್ಲವೇ ಕೊಟ್ಟಿಗೆ ಪಕ್ಕದ ಮೋಟರ್ ಪಾಯಿಂಟ್. ಅವರ ಕ್ರಮ ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಹಂತ 2: ಹೊರಡುವ ಮುಂಚೆ ಫೋನಿನಲ್ಲಿ ಕೇಳಿ

"ಕರೆಂಟ್ ಇದ್ಯಾ?" ಅಂತ ಕೇಳಿದರೆ "ಇದೆ" ಅನ್ನುತ್ತಾರೆ. ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಹೀಗೆ ಕೇಳಿ: "ಅಕ್ಕ, ಗಾಡಿ ನಿಲ್ಲಿಸೋ ಜಾಗದ ಹತ್ತಿರ ದಪ್ಪ ಪಿನ್ನಿನ ಪ್ಲಗ್ ಇದ್ಯಾ, ಸಣ್ಣ ಪಿನ್ನಿಂದಾ? ಅದು ಇನ್ವರ್ಟರ್ ಲೈನಲ್ಲಿದ್ಯಾ? ಸಂಜೆ ಹೊತ್ತು ಬಲ್ಬು ಡಲ್ ಆಗತ್ತಾ?"

ಇನ್ವರ್ಟರ್ ಪ್ರಶ್ನೆ ಬಹಳ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವುದರಿಂದ ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಸಾಮಾನ್ಯ. ನೀವು ಚುಚ್ಚಿದ ಸಾಕೆಟ್ ಆ ಲೈನಿನಲ್ಲಿದ್ದರೆ, ಕರೆಂಟ್ ಹೋದ ಕೂಡಲೇ ನಿಮ್ಮ ಕೆಟಲ್ಲಿನ ಭಾರ ಅವರ ಬ್ಯಾಟರಿ ಮೇಲೆ ಬೀಳುತ್ತದೆ. ಅದು ಟ್ರಿಪ್ ಆದರೆ ಇಡೀ ಮನೆ ಕತ್ತಲೆ.

ನವೆಂಬರಿನಿಂದ ಜನವರಿವರೆಗೆ ಅಡಿಕೆ ಸುಗ್ಗಿ. ಆಗ ಸುಲಿಯುವ ಯಂತ್ರದ ಮೋಟರ್ ಅದೇ ಮನೆಯ ಲೈನಿನಲ್ಲಿ ಓಡುತ್ತಿರಬಹುದು. ಅದನ್ನೂ ಕೇಳಿಕೊಳ್ಳಿ. ಯೂನಿಟ್ಟಿಗೆ ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿ. ಪ್ಲಗ್ಗಿಗೆ ಹಾಕುವ ಸಣ್ಣ ಯೂನಿಟ್ ಮೀಟರ್ ಇಟ್ಟುಕೊಂಡರೆ ಯಾರಿಗೂ ಮುಜುಗರವಿಲ್ಲ.

ಹಂತ 3: ವೈರ್ ಎಳೆಯುವ ಮುಂಚೆ ಪ್ಲಗ್ ಪರೀಕ್ಷೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಎಲ್ಲದಕ್ಕಿಂತ ಮುಖ್ಯವಾದದ್ದೂ ಇದೇ. ಹತ್ತು ನಿಮಿಷ ಕೊಡಿ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಮಾಡಬೇಡಿ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ವೋಲ್ಟೇಜ್ ನೋಡುವ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

*ಮೊದಲು ಕಣ್ಣು, ಮೂಗು.* ಸಾಕೆಟ್ ತೂತಿನ ಸುತ್ತ ಕಂದು ಅಥವಾ ಕಪ್ಪು ಕಲೆ ಇದ್ಯಾ? ಪ್ಲಾಸ್ಟಿಕ್ ಸುಟ್ಟ ವಾಸನೆ? ಪ್ಲಗ್ ಹಾಕಿದರೆ ಲೊಟಲೊಟ ಅಲ್ಲಾಡುತ್ತದಾ? ಇದರಲ್ಲಿ ಒಂದಿದ್ದರೂ ಅಲ್ಲಿ ಮೊಬೈಲ್ ಚಾರ್ಜ್‌ಗಿಂತ ಹೆಚ್ಚಿನದೇನೂ ಬೇಡ. ಸಡಿಲ ಸಾಕೆಟ್‌ನಲ್ಲಿ ತಾಮ್ರ ಸರಿಯಾಗಿ ಅಂಟುವುದಿಲ್ಲ, ಅಂಟದ ಕಡೆ ಬಿಸಿಯಾಗುತ್ತದೆ. ಒಮ್ಮೆ ಸಾಗರದ ಹತ್ತಿರ ಒಂದು ತೋಟದ ಮನೆಯಲ್ಲಿ ನಾನು ಈ ಕಲೆ ನೋಡಿಯೂ ಸುಮ್ಮನಿದ್ದೆ. ರಾತ್ರಿ ಒಂಬತ್ತಕ್ಕೆ ಪ್ಲಗ್ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಪಕ್ಕದಲ್ಲೇ ಒಣಹುಲ್ಲಿನ ಬಣವೆ. ಆ ರಾತ್ರಿ ನಿದ್ದೆ ಬರಲಿಲ್ಲ.

*ಆಮೇಲೆ ಟೆಸ್ಟರ್.* ಮೂರು ದೀಪದ ಟೆಸ್ಟರ್ ಚುಚ್ಚಿದರೆ ಫೇಸ್, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್, ಸೋರಿದ್ದನ್ನು ನೆಲಕ್ಕಿಳಿಸುವ ಅರ್ತ್ ಸರಿಯಿದೆಯಾ ಅಂತ ತೋರಿಸುತ್ತದೆ. ಅರ್ತ್ ಇಲ್ಲ ಅಂತ ಬಂದರೆ ಅಲ್ಲಿಗೆ ವ್ಯಾನ್ ಜೋಡಿಸಬೇಡಿ. ವ್ಯಾನಿನ ಮೈಯೆಲ್ಲ ಕಬ್ಬಿಣ, ಕೆಳಗೆ ರಬ್ಬರ್ ಟೈರು. ಒಳಗೆಲ್ಲೋ ತಂತಿ ತಾಗಿದರೆ ಇಡೀ ಮೈಗೆ ಕರೆಂಟ್ ಬರುತ್ತದೆ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯುತ್ತದೆ. ಆರ್‌ಸಿಬಿಒ ಇದ್ದರೆ ಆಗ ಅದು ಕಡಿಯುತ್ತದೆ ನಿಜ, ಆದರೆ ಕರೆಂಟ್ ನಿಮ್ಮ ಮೈಯಲ್ಲಿ ಹರಿದ ಮೇಲೆ. ಅರ್ತ್ ಸರಿಯಿದ್ದರೆ ಯಾರೂ ಮುಟ್ಟುವ ಮುಂಚೆಯೇ ಕಡಿದಿರುತ್ತದೆ.

*ಟೆಸ್ಟರ್ ಹೇಳದ ಒಂದು ಮೋಸ.* ಅರ್ತ್ ಗುಂಡಿ ತೋಡುವ ಖರ್ಚು ಉಳಿಸಲು ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ತಂತಿ ಕೊಟ್ಟಿರುತ್ತಾರೆ. ಟೆಸ್ಟರ್ ಅದನ್ನು "ಸರಿಯಿದೆ" ಅಂತಲೇ ತೋರಿಸುತ್ತದೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಮಾತ್ರ ನಿಮ್ಮ ವ್ಯಾನಿನ ಮೈ ಪೂರ್ತಿ ಫೇಸ್ ಆಗುತ್ತದೆ. ಹಿಡಿಯುವುದು ಹೀಗೆ. ಅದೇ ಬೋರ್ಡಿನ ಇನ್ನೊಂದು ಸಾಕೆಟ್‌ನಲ್ಲಿ ಕೆಟಲ್ ಹಾಕಿ. ಆಗ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡಿ. ನಿಜವಾದ ಅರ್ತ್ ಆದರೆ ಭಾರ ಬಿದ್ದಾಗ ಒಂದೆರಡು ವೋಲ್ಟ್ ಆದರೂ ಏರುತ್ತದೆ. ಅಲ್ಲಾಡದೆ ಸೊನ್ನೆಯಲ್ಲೇ ನಿಂತರೆ ಅನುಮಾನ ಪಡಿ. ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿ ನೋಡುವವರೆಗೆ ಆ ಸಾಕೆಟ್ ಬೇಡ. "ಹಾಕಿ ಮಾರಾಯ್ರೆ, ಏನಾಗಲ್ಲ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಬೇಡ.

*ಕೊನೆಗೆ ವೋಲ್ಟೇಜ್.* ಮಧ್ಯಾಹ್ನ ಮೂರಕ್ಕೆ ನೋಡಿದರೆ 225 ಇರಬಹುದು. ಸಂಜೆ ಏಳಕ್ಕೆ ಮತ್ತೆ ನೋಡಿ. ದೂರದ ಟ್ರಾನ್ಸ್‌ಫಾರ್ಮರಿನಿಂದ ಉದ್ದ ಲೈನಿನಲ್ಲಿ ಬರುವ ಒಂಟಿ ಮನೆಗಳಲ್ಲಿ 180ಕ್ಕೆ ಇಳಿಯುವುದು ಹೊಸದಲ್ಲ. 180ರಲ್ಲಿ 1500 ವ್ಯಾಟ್‌ನ ಕೆಟಲ್ ಬರೀ 920 ವ್ಯಾಟ್‌ನಷ್ಟು ಕೆಲಸ ಮಾಡುತ್ತದೆ. ನೀರು ಕಾಯಲು ಒಂದೂವರೆ ಪಟ್ಟಿಗಿಂತ ಹೆಚ್ಚು ಹೊತ್ತು. ಇಂಡಕ್ಷನ್ ಒಲೆಗಳು ತೀರಾ ಕಡಿಮೆಯಾದರೆ ಬೀಪ್ ಹೊಡೆದು ನಿಂತೇಬಿಡುತ್ತವೆ. ಎಸಿ, ಮನೆಯ ಫ್ರಿಜ್ಜಿನಂಥ ಕಂಪ್ರೆಸರ್ ಇರುವವು ಇನ್ನೂ ಕಷ್ಟ. ವೋಲ್ಟೇಜ್ ಇಳಿದಾಗ ಮೋಟರ್ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಸುಡುತ್ತದೆ.

ವೋಲ್ಟೇಜ್ 250 ದಾಟಿ ಏರಿ ಇಳಿದು ಕುಣಿಯುತ್ತಿದ್ದರೆ, ಮನೆಯ ಒಂದು ಬಲ್ಬು ಜೋರಾಗಿ ಇನ್ನೊಂದು ಮಂಕಾಗಿ ಉರಿಯುತ್ತಿದ್ದರೆ, ಅದು ನ್ಯೂಟ್ರಲ್ ಸಡಿಲವಾಗಿರುವ ಸೂಚನೆ. ಏನನ್ನೂ ಜೋಡಿಸಬೇಡಿ, ಮನೆಯವರಿಗೂ ತಿಳಿಸಿ. ಮೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಹಂತ 4: ಈಗ ತೀರ್ಮಾನ ಮಾಡಿ

ಪರೀಕ್ಷೆ ಮುಗಿದ ಮೇಲೆ ತೀರ್ಮಾನ ಸುಲಭ.

16 ಆಂಪಿಯರ್ ಸಾಕೆಟ್, ಅರ್ತ್ ಸರಿ, ಸಂಜೆಯೂ 210ಕ್ಕಿಂತ ಮೇಲೆ: ಅಡುಗೆಯನ್ನೂ ಕರೆಂಟಿನಲ್ಲಿ ಮಾಡಬಹುದು. ಒಂದು ಸಲಕ್ಕೆ ಒಂದೇ ದೊಡ್ಡ ಸಾಮಾನು. ಇಂಡಕ್ಷನ್ ಆರಿಸಿದ ಮೇಲೆ ಕೆಟಲ್.

6 ಆಂಪಿಯರ್ ಸಾಕೆಟ್, ಅಥವಾ ಸಂಜೆ ವೋಲ್ಟೇಜ್ ಬೀಳುತ್ತದೆ, ಆದರೆ ಅರ್ತ್ ಸರಿಯಿದೆ: ಬೆಂಕಿಯ ಕೆಲಸ ಎಲ್ಲ ಗ್ಯಾಸಿಗೆ. ಕರೆಂಟಿನಿಂದ ಬ್ಯಾಟರಿ ಚಾರ್ಜ್, ಫ್ಯಾನು, ದೀಪ ಮಾತ್ರ. ಮಲೆನಾಡಿನಲ್ಲಿ ನನಗೆ ಹೆಚ್ಚಾಗಿ ಸಿಕ್ಕಿರುವುದು ಇದೇ.

ಅರ್ತ್ ಇಲ್ಲ, ಅಥವಾ ಸಾಕೆಟ್ ಸುಟ್ಟಿದೆ: ವ್ಯಾನಿಗೆ ಕರೆಂಟ್ ಬೇಡವೇ ಬೇಡ. ಗ್ಯಾಸು, ಬ್ಯಾಟರಿ, ಬಿಸಿಲಿದ್ದರೆ ಸೋಲಾರ್. ಮೊಬೈಲ್ ಅವರ ಮನೆಯೊಳಗೆ ಚಾರ್ಜ್ ಮಾಡಿಕೊಳ್ಳಿ.

ಎರಡನೆಯದನ್ನು ಬಹಳ ಜನ ಸೋಲು ಅಂದುಕೊಳ್ಳುತ್ತಾರೆ. ಹಾಗಲ್ಲ. 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1.28 ಯೂನಿಟ್ ಹಿಡಿಯುತ್ತದೆ. 12 ವೋಲ್ಟಿನ ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ ಆಸುಪಾಸು ತಿಂದರೂ ದೀಪ, ಫ್ಯಾನಿಗೆ ಬೇಕಾದಷ್ಟು ಉಳಿಯುತ್ತದೆ. 300 ವ್ಯಾಟ್‌ನ ಚಾರ್ಜರ್ ಹಾಕಿಟ್ಟರೆ ಐದಾರು ಗಂಟೆಯಲ್ಲಿ ಖಾಲಿ ಬ್ಯಾಟರಿ ತುಂಬುತ್ತದೆ. ಈಗಿನ ಎಷ್ಟೋ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ನಡೆಯುತ್ತವೆ, ಚೀಟಿ ನೋಡಿಕೊಳ್ಳಿ. ಡಲ್ ಕರೆಂಟಿನಲ್ಲೂ ಸಣ್ಣಗೆ ರಾತ್ರಿಯಿಡೀ ತುಂಬಿಸಿಕೊಳ್ಳುವುದೇ ಹಳ್ಳಿ ಮನೆಯ ಪ್ಲಗ್ಗಿನಿಂದ ಸಿಗುವ ದೊಡ್ಡ ಉಪಕಾರ. ಅಡುಗೆಯ ಭಾರ ಅದರ ಮೇಲೆ ಹಾಕಿ ಯಾಕೆ ಕೆಡಿಸಿಕೊಳ್ಳುವುದು?

ಗ್ಯಾಸ್ ಎಷ್ಟು ಬೇಕು ಅಂತ ಕೇಳುತ್ತಾರೆ. ಒಂದು ಕಿಲೋ ಎಲ್‌ಪಿಜಿಯಲ್ಲಿ 12.7 ಯೂನಿಟ್‌ನಷ್ಟು ಶಾಖ ಇದೆ. ಒಲೆಯಲ್ಲಿ ಸುಮಾರು 60 ಭಾಗ ಪಾತ್ರೆಗೆ ಹೋಗುತ್ತದೆ ಅಂದುಕೊಳ್ಳಿ. ಸ್ನಾನಕ್ಕೆ 15 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು 60 ಗ್ರಾಂ ಗ್ಯಾಸ್ ಸಾಕು. ಅದೇ ನೀರಿಗೆ 1500 ವ್ಯಾಟ್‌ನ ರಾಡ್ ಒಳ್ಳೆಯ ವೋಲ್ಟೇಜಿನಲ್ಲಿ 18 ನಿಮಿಷ, 180 ವೋಲ್ಟ್‌ನಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ನಾವಿಬ್ಬರು ಮೂರು ಹೊತ್ತಿನ ಅಡುಗೆ, ಕಾಫಿ, ಕಷಾಯಕ್ಕೆ ದಿನಕ್ಕೆ 200 ಗ್ರಾಂ ಲೆಕ್ಕ ಹಿಡಿಯುತ್ತೇವೆ. 5 ಕಿಲೋ ಸಿಲಿಂಡರ್ ಮೂರು ವಾರ ದಾಟುತ್ತದೆ. ಕಡುಬು ಬೇಯಿಸುವ ದಿನ ಸ್ವಲ್ಪ ಜಾಸ್ತಿ. ಆದ್ದರಿಂದ 14.2 ಕಿಲೋದ ದೊಡ್ಡ ಸಿಲಿಂಡರ್ ಹೊತ್ತು ಘಾಟಿ ಹತ್ತುವ ಅಗತ್ಯ ಇಬ್ಬರಿಗಿಲ್ಲ.

ದೊಡ್ಡದರಿಂದ ಸಣ್ಣ ಸಿಲಿಂಡರಿಗೆ ಪೈಪ್ ಹಾಕಿ ತುಂಬಿಸಿಕೊಡುವವರು ಅಲ್ಲಲ್ಲಿ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ತುಂಬಾ ಅಪಾಯ ಕೂಡ. ಅಳತೆ ಮೀರಿ ತುಂಬಿದ ಸಿಲಿಂಡರಿನಲ್ಲಿ ಬಿಸಿಲಿಗೆ ಹಿಗ್ಗಲು ಜಾಗವಿರುವುದಿಲ್ಲ. ಏಜೆನ್ಸಿಯಿಂದ ಸೀಲ್ ಇರುವ 5 ಕಿಲೋದ್ದನ್ನೇ ತನ್ನಿ. ಬಾಡಿಗೆಗೆ ಓಡಿಸುವ ವ್ಯಾನ್ ಆದರೆ ಮನೆ ಬಳಕೆಯ ಸಿಲಿಂಡರ್ ಇಡುವಂತಿಲ್ಲ, ವ್ಯಾಪಾರದ ಬಳಕೆಯದ್ದೇ ಬೇಕು.

ಹಂತ 5: ಕರೆಂಟ್ ಜೋಡಿಸುವ ಕ್ರಮ

1. ವ್ಯಾನಿನೊಳಗಿನ ಎಲ್ಲ ಸಾಮಾನು ಆಫ್, ಆರ್‌ಸಿಬಿಒ ಆಫ್.
2. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ. ಐದೇ ಮೀಟರ್ ದೂರ ಇದ್ದರೂ ಪೂರ್ತಿ. ಸುರುಳಿಯಲ್ಲಿ ಉಳಿದ ಕೇಬಲ್ಲಿನ ಬಿಸಿ ಹೊರಗೆ ಹೋಗದೆ ಕೇಬಲ್ ಒಳಗೇ ಕರಗುತ್ತದೆ.
3. ಮೊದಲು ವ್ಯಾನಿನ ಕಡೆ ಜೋಡಿಸಿ. ಆಮೇಲೆ ಮನೆಯ ಕಡೆ. ಕೈಯಲ್ಲಿ ಹಿಡಿದ ತುದಿಯಲ್ಲಿ ಯಾವತ್ತೂ ಕರೆಂಟ್ ಇರಬಾರದು.
4. ಮನೆಯ ಸ್ವಿಚ್ ಹಾಕಿ, ಆಮೇಲೆ ಆರ್‌ಸಿಬಿಒ ಆನ್ ಮಾಡಿ ಟೆಸ್ಟ್ ಬಟನ್ ಒತ್ತಿ. ಟಕ್ ಅಂತ ಬೀಳಬೇಕು, ಬಿದ್ದರೆ ಮತ್ತೆ ಆನ್ ಮಾಡಿ. ಬೀಳದಿದ್ದರೆ ಅದು ಕೆಟ್ಟಿದೆ, ಕರೆಂಟ್ ಬಳಸಬೇಡಿ.
5. ಒಂದೊಂದೇ ಸಾಮಾನು ಆನ್ ಮಾಡಿ.
6. ಅರ್ಧ ಗಂಟೆ ಬಿಟ್ಟು ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಭಾರ ಇಳಿಸಿ, ಆ ಸಾಕೆಟ್ ಬಿಡಿ.

ಕೇಬಲ್ ತೆಳ್ಳಗಿದ್ದರೆ ಏನಾಗುತ್ತದೆ? 25 ಮೀಟರ್ ಉದ್ದದ 1 ಚದರ ಮಿ.ಮೀ. ತಂತಿಯಲ್ಲಿ 2000 ವ್ಯಾಟ್ ಎಳೆದರೆ ದಾರಿಯಲ್ಲೇ ಸುಮಾರು 8 ವೋಲ್ಟ್ ಹೋಗುತ್ತದೆ, 70 ವ್ಯಾಟ್‌ನಷ್ಟು ಶಾಖ ಆ ತಂತಿಯಲ್ಲೇ ಹುಟ್ಟುತ್ತದೆ. 2.5ರ ಕೇಬಲ್ಲಿನಲ್ಲಿ ಹೋಗುವುದು 3 ವೋಲ್ಟ್ ಮಾತ್ರ. ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ತರುವವರನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಜೋಡಣೆಯ ಜಾಗ ನೆಲದ ಮೇಲೆ ಬಿದ್ದಿರಬಾರದು. ಅಂಗಳದಲ್ಲಿ ನೀರು ಹರಿಯಲು ಒಂದು ಮಳೆ ಸಾಕು. ದನ ಓಡಾಡುವ ದಾರಿಯಲ್ಲೂ ಕೇಬಲ್ ಎಳೆಯಬೇಡಿ.

ಹಂತ 6: ಗ್ಯಾಸ್ ಜೋಡಿಸುವ ಕ್ರಮ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೀರಿನ ಹಾಗೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹತ್ತಿಕೊಳ್ಳುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆ ವ್ಯಾನಿನ ಒಳಗಿನಿಂದ ಬೇರೆಯಾಗಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಬೇಕು, ಕನಿಷ್ಠ ಅಂಗೈ ಅಗಲದಷ್ಟು. ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತುತ್ತದೆ, ಇಲಿ ಬರುತ್ತದೆ ಅಂತ ಆ ತೂತಿಗೆ ಬಟ್ಟೆ ತುರುಕಿದ ವ್ಯಾನುಗಳನ್ನು ನಾನೇ ನೋಡಿದ್ದೇನೆ. ಬಟ್ಟೆ ತೆಗೆದು ಸಣ್ಣ ಕಣ್ಣಿನ ತಂತಿ ಬಲೆ ಹೊಡೆಸಿ. ಇಂಬಳ ಹತ್ತಿದರೆ ಸುಣ್ಣ ಮುಟ್ಟಿಸಿ ಬಿಡಿಸಬಹುದು, ಗ್ಯಾಸ್ ತುಂಬಿದ ಪೆಟ್ಟಿಗೆಗೆ ಅಂಥ ಸುಲಭದ ಮದ್ದಿಲ್ಲ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಬೆಲ್ಟ್ ಬಿಗಿದಿರಬೇಕು. ಮಲಗಿಸಿದರೆ ಗ್ಯಾಸಿನ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ತರುವಾಗಲೇ ಹಿಡಿಯ ಒಳಗಿನ ಪಟ್ಟಿಯ ಮೇಲೆ ಬರೆದ ಅಕ್ಷರ, ಅಂಕಿ ನೋಡಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಡಿ-27 ಅಂತಿದ್ದರೆ 2027ರ ಡಿಸೆಂಬರ್ ಒಳಗೆ ಅದರ ಮರುಪರೀಕ್ಷೆ ಆಗಬೇಕು. ದಿನ ಮೀರಿದ್ದನ್ನು ವಾಪಸ್ ಕೊಡಿ. ಪೈಪಿನ ಮೇಲೂ ವರ್ಷ ಇರುತ್ತದೆ, ಐದು ವರ್ಷಕ್ಕೆ ಬದಲಾಯಿಸಿ. ವ್ಯಾನಿನ ಅಲುಗಾಟಕ್ಕೆ ಬೇಗ ಸವೆಯುವುದರಿಂದ ನಾನು ಮೂರಕ್ಕೇ ಬದಲಾಯಿಸುತ್ತೇನೆ.

ಜೋಡಿಸುವಾಗ:

1. ಹತ್ತಿರದಲ್ಲಿ ಬೆಂಕಿ, ಊದುಬತ್ತಿ, ಬೀಡಿ ಏನೂ ಇರಬಾರದು.
2. ವಾಲ್ವಿನೊಳಗೆ ಕಪ್ಪು ರಬ್ಬರ್ ವಾಷರ್ ಇದೆಯಾ, ಹರಿದಿದೆಯಾ ನೋಡಿ.
3. ರೆಗ್ಯುಲೇಟರ್ ಆಫ್ ಇಟ್ಟು, ಕಟ್ ಅನ್ನುವವರೆಗೆ ಕೂರಿಸಿ.
4. ಆನ್ ಮಾಡಿ, ಒಲೆ ಹಚ್ಚದೆ ಎಲ್ಲ ಜೋಡಣೆಗೂ ಸೋಪು ನೀರು ಹಚ್ಚಿ. ಗುಳ್ಳೆ ಬಂದರೆ ಸೋರಿಕೆ. ಕಡ್ಡಿ ಗೀರಿ ನೋಡುವುದು ಬೇಡವೇ ಬೇಡ.
5. ಆಮೇಲೆ ಒಲೆ.

ಆರಿಸುವಾಗ ಮೊದಲು ರೆಗ್ಯುಲೇಟರ್ ಆಫ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಬೆಂಕಿ ತಾನಾಗಿ ಆರಿದ ಮೇಲೆ ಒಲೆಯ ಗುಂಡಿ ತಿರುಗಿಸಿ. ಗಾಡಿ ಓಡುವಾಗ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿರಲೇಬೇಕು. ಆಗುಂಬೆ, ಹುಲಿಕಲ್ ಘಾಟಿಯ ತಿರುವುಗಳಲ್ಲಿ ಸಾಮಾನೆಲ್ಲ ಹೇಗೆ ಅಲ್ಲಾಡುತ್ತದೆ ಅಂತ ಓಡಿಸಿದವರಿಗೆ ಗೊತ್ತು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್ಲರೂ ಹೊರಗೆ ಬನ್ನಿ, ಬಾಗಿಲು ತೆರೆದಿಡಿ, ಹೊರಗಿನಿಂದ ಸಿಲಿಂಡರ್ ಬಂದ್ ಮಾಡಿ. ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್ ಅದು.

ಹಂತ 7: ಉರಿಯುವಾಗ ಗಾಳಿ

ಉರಿ ನೀಲಿಯಾಗಿರಬೇಕು. ತುದಿ ಹಳದಿಯಾದರೆ, ಪಾತ್ರೆ ತಳ ಮಸಿಯಾದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಬರುತ್ತಿದೆ ಅಂತ ಅರ್ಥ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಸುಮ್ನೆ ಮಂಪರು ಬರುತ್ತದೆ. ದಾರಿಯ ಆಯಾಸ ಅಂದುಕೊಂಡು ಮಲಗುತ್ತಾರೆ. ಒಟ್ಟಿಗೆ ಇಬ್ಬರಿಗೆ ತಲೆನೋವು ಬಂದರೆ ಮಾತ್ರೆ ಹುಡುಕಬೇಡಿ, ಮೊದಲು ಹೊರಗೆ ಗಾಳಿಗೆ ಬನ್ನಿ. ಮಂಪರು ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೊರಡಿ.

ಒಲೆ ಹಚ್ಚಿದಾಗ ಒಂದು ಕಿಟಕಿ, ಮೇಲಿನ ಗಾಳಿಗಂಡಿ ಎರಡೂ ತೆರೆದಿರಬೇಕು, ಮಳೆ ಎಷ್ಟೇ ಹೊಡೆಯಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ ನಿಲ್ಲಿಸುವ ಆಸೆ ಇದ್ದರೆ ಕಿಟಕಿಯ ಮೇಲೆ ಒಂದು ಸಣ್ಣ ತಗಡಿನ ಮಾಡು ಮೊದಲೇ ಮಾಡಿಸಿ, ಮಳೆಯಲ್ಲೂ ತೆರೆದಿಡಬಹುದು. ಬೆಚ್ಚಗಾಗಲಿ ಅಂತ ಒಲೆ ಉರಿಸಿಕೊಂಡು ಮಲಗಬೇಡಿ. ಕೆಂಡದ ಅಗ್ಗಿಷ್ಟಿಕೆ ಒಳಗೆ ತರಬೇಡಿ. ಗ್ಯಾಸ್ ಗೀಸರ್ ವ್ಯಾನಿನೊಳಗೆ ಕೂರಿಸಬೇಡಿ, ಮನೆಯ ಬಚ್ಚಲಲ್ಲೇ ಅದರಿಂದ ಜೀವ ಹೋದದ್ದಿದೆ. ನಮ್ಮ ಡಿಸೆಂಬರ್ ಚಳಿಗೆ ಕಂಬಳಿ ಸಾಕು.

ಗ್ಯಾಸ್ ಅಲಾರಂ ನೆಲದ ಹತ್ತಿರ ಇರಲಿ. ಕಾರ್ಬನ್ ಮೊನಾಕ್ಸೈಡ್‌ನದು ಮಲಗಿದಾಗ ತಲೆ ಬರುವ ಎತ್ತರದಲ್ಲಿ. ಎರಡನ್ನೂ ಒಂದೇ ಕಡೆ ಅಂಟಿಸಿದರೆ ಒಂದು ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ: ಕಾದಿಟ್ಟ ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಕುದುರೆಮುಖ, ಕೊಡಚಾದ್ರಿ ಕಡೆ ಹೋಗುವವರು ಅಡುಗೆ ಏನಿದ್ದರೂ ಹೋಂಸ್ಟೇ ಅಂಗಳದಲ್ಲೇ ಮುಗಿಸಿ.

ಹಂತ 8: ಗುಡುಗು ಬಂದಾಗ

ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲು ಜೋರು. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಎರಡೂ ತುದಿಯ ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು. ಲೈನಿನಲ್ಲಿ ಬಂದ ಸಿಡಿಲಿಗೆ ಸ್ವಿಚ್ಚಿನ ಸಣ್ಣ ಅಂತರ ಯಾವ ಲೆಕ್ಕ? ಸಿಡಿಲು ಹತ್ತಿರ ಬಂದ ಮೇಲೆ ತೆಗೆಯಲು ಹೊರಗೆ ಓಡಬೇಡಿ. ಆಗ ಸುಮ್ಮನೆ ಒಳಗೆ ಕೂತಿರಿ, ಕೇಬಲ್ಲಿಗೆ ಸೇರಿದ ಯಾವುದನ್ನೂ ಮುಟ್ಟಬೇಡಿ.

ಕರೆಂಟ್ ಹೋದರೆ ಆರ್‌ಸಿಬಿಒ ಆಫ್ ಮಾಡಿಡಿ. ಬಂದ ಮೇಲೆ ಐದು ನಿಮಿಷ ಬಿಟ್ಟು, ವೋಲ್ಟೇಜ್ ನೋಡಿ ಆನ್ ಮಾಡಿ.

ಹಂತ 9: ಹೊರಡುವಾಗ

ಸಾಮಾನೆಲ್ಲ ಆಫ್, ಆರ್‌ಸಿಬಿಒ ಆಫ್, ಮನೆಯ ಸ್ವಿಚ್ ಆಫ್. ಮನೆಯ ಕಡೆಯ ಪ್ಲಗ್ ಮೊದಲು ತೆಗೆಯಿರಿ, ವ್ಯಾನಿನ ಕಡೆಯದು ಆಮೇಲೆ. ಕೇಬಲ್ ಒರೆಸಿ ಸುತ್ತಿ. ಒದ್ದೆ ಸುತ್ತಿಟ್ಟರೆ ಮಲೆನಾಡಿನಲ್ಲಿ ವಾರದೊಳಗೆ ಪಿನ್ನು ಹಸಿರು ಹಿಡಿಯುತ್ತದೆ. ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಬೆಲ್ಟ್ ಒಮ್ಮೆ ಎಳೆದು ನೋಡಿ.

ಕೇಬಲ್ ಸಿಕ್ಕಿಸಿಕೊಂಡೇ ಗಾಡಿ ಹೊರಡಿಸಿದವರು ನಮ್ಮ ಜಗಲಿಯ ಬೋರ್ಡನ್ನು ಗೋಡೆ ಸಮೇತ ಕಿತ್ತಿದ್ದಾರೆ. ಅವತ್ತಿನಿಂದ ನನ್ನ ವ್ಯಾನಿನಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಕೇಬಲ್ ಜೋಡಿಸಿದ ಕೂಡಲೇ ಗಾಡಿಯ ಕೀಲಿಯನ್ನು ಆ ಪ್ಲಗ್ಗಿನ ಪಕ್ಕದ ಮೊಳೆಗೆ ನೇತುಹಾಕುತ್ತೇನೆ. ಪ್ಲಗ್ ತೆಗೆಯದೆ ಕೀಲಿ ಕೈಗೆ ತೆಗೆದುಕೊಳ್ಳುವುದಿಲ್ಲ.